ಮಿಸ್ಸಿಂಗ್ ಹೊಡೆಯುವ ಗಾಡಿ

ನಮ್ಮ ಹಳೆಯ ಕಾರಿನ ಸ್ಪಾರ್ಕ್ ಪ್ಲಗ್ ನನ್ನ ಅಂಗೈಯಲ್ಲಿದೆ. ಬೆರಳುದ್ದದ ಮೈ, ತುದಿಯಲ್ಲಿ ಕಂದು ಮಸಿ. ಬೆಳಿಗ್ಗೆ ಲಗ್ಗೆರೆಯ ಮೆಕ್ಯಾನಿಕ್ ಇದನ್ನು ಬಿಚ್ಚಿ ಕೊಟ್ಟು, "ಅಕ್ಕಾ, ಗಾಡಿ ಮಿಸ್ಸಿಂಗ್ ಹೊಡೀತಿರೋದು ಇದಕ್ಕೇ. ಸವೆದು ಗ್ಯಾಪ್ ಜಾಸ್ತಿ ಆಗಿದೆ, ಹೊಸದು ಹಾಕ್ಬಿಡ್ತೀನಿ" ಎಂದ.

ನೋಡಿ, ಈ ಪುಟ್ಟ ವಸ್ತುವಿನ ಹಣೆಬರಹವೇ ವಿಚಿತ್ರ. ಎದುರುಬದುರು ನಿಂತ ಎರಡು ಲೋಹದ ತುದಿಗಳು, ನಡುವೆ ಉಗುರಿನ ದಪ್ಪದ ಸಂದು. ಆ ಸಂದನ್ನು ಕಿಡಿ ಜಿಗಿದರೆ ಪೆಟ್ರೋಲು ಉರಿಯುತ್ತದೆ, ಗಾಡಿ ಓಡುತ್ತದೆ. ಆದರೆ ಪ್ರತಿ ಜಿಗಿತಕ್ಕೂ ಕಣ್ಣಿಗೆ ಕಾಣದಷ್ಟು ಲೋಹ ಸವೆದು ಸಂದು ಹಿಗ್ಗುತ್ತದೆ. ದಾರಿ ಸವೆಸಿದೆವು ಎನ್ನುತ್ತೇವಲ್ಲ, ಸವೆದದ್ದು ದಾರಿಯೋ ನಾವೋ ಎಂದು ಕೇಳಿಕೊಳ್ಳುವುದಿಲ್ಲ. ಕೊನೆಗೊಂದು ದಿನ ಕಿಡಿ ಆಚೆ ದಡ ಮುಟ್ಟದೆ ಸೋಲುತ್ತದೆ, ಎಂಜಿನ್ ನಡುನಡುವೆ ತಡವರಿಸುತ್ತದೆ; ಅದೇ ಮಿಸ್ಸಿಂಗ್.

ಇದನ್ನೆಲ್ಲ ನನಗೆ ಕಲಿಸಿದವರು ನಮ್ಮ ಯಜಮಾನರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ರಜೆಯ ದಿನ ಪ್ಲಗ್ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಸಂದನ್ನು ತಾವೇ ಸರಿಮಾಡುತ್ತಿದ್ದರು. "ಲೇ ಇವಳೇ, ಟಾರ್ಚ್ ಹಿಡಿಯೇ" ಎಂದು ಕೂಗು. ಮದುವೆಯಾದಾಗಿನಿಂದ ನನ್ನ ಹೆಸರು ಅವರ ಬಾಯಲ್ಲಿ ಬಂದದ್ದೇ ಇಲ್ಲ. ನಾನು 'ಇವಳೇ', ಅವರು 'ರೀ'. ಆಗೆಲ್ಲ ನನಗೆ ರೇಗುತ್ತಿತ್ತು.

ಈಚೆಗೆ ಅವರ ನೆನಪೂ ಮಿಸ್ಸಿಂಗ್ ಹೊಡೆಯುತ್ತಿದೆ. ಬೀಗದ ಕೈ ಎಂಬ ಮಾತು ಸಿಗದೆ ಬೆರಳು ತಿರುಗಿಸಿ ತೋರಿಸುತ್ತಾರೆ. ತಮ್ಮನ ಹೆಸರು ಮರೆತು ಮಂಕಾಗಿ ಕೂರುತ್ತಾರೆ. ಯಾರನ್ನು ಮರೆತರೂ ನನ್ನನ್ನು ಮರೆಯಲಾರರು ಎಂಬ ಜಂಬ ಮಾತ್ರ ನನಗಿತ್ತು, ಅದರ ಬಲದಲ್ಲೇ ದಿನ ದೂಡುತ್ತಿದ್ದೆ. ಗಾಡಿಗಾದರೆ ಹೊಸ ಪ್ಲಗ್ ಸಿಗುತ್ತದೆ, ಮನುಷ್ಯನಿಗೆ ಅಂಥ ಅಂಗಡಿ ಎಲ್ಲಿದೆ ಹೇಳಿ.

ರಿಪೇರಿ ಮುಗಿಸಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ದಾಸರಹಳ್ಳಿಯ ಮನೆಯತ್ತ ಹೊರಟೆ. ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ತಲೆದೂಗಿದರು; ಮುಖದಲ್ಲಿ ಎಷ್ಟೋ ದಿನದ ಮೇಲೆ ಆ ಹಳೆಯ ನಗು. ನನಗೆ ಎಲ್ಲಿಲ್ಲದ ಆಸೆ ಹುಟ್ಟಿತು. ಈಗ 'ಇವಳೇ' ಎನ್ನುತ್ತಾರೆ ಎಂದು ಕಾದೆ.

ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅವರು ನನ್ನತ್ತ ತಿರುಗಿ, ಬಲು ಮರ್ಯಾದೆಯಿಂದ ಕೇಳಿದರು: "ಅಕ್ಕಾ, ಸ್ವಲ್ಪ ಬೇಗ ಬಿಡ್ತೀರಾ? ಮನೇಲಿ ನಮ್ಮೋಳು ಊಟ ಮಾಡ್ದೆ ಕಾಯ್ತಿರ್ತಾಳೆ."

ಸಿಗ್ನಲ್ ಹಸಿರಾಗಿತ್ತು, ಹಿಂದಿನವರು ಹಾರನ್ ಹೊಡೆಯುತ್ತಿದ್ದರು. ರಸ್ತೆ ಮಸುಕುಮಸುಕಾಗಿ ಕಂಡಿತು.

"ಹೂಂ ಸಾರ್," ಎಂದೆ, "ಕಾಯ್ತಾ ಇದಾಳೆ."