ಗೇಟಿನಲ್ಲಿ ಪಾದಪೂಜೆ

ನಿಟ್ಟುವಳ್ಳಿಯ ಆ ಅಪಾರ್ಟ್‌ಮೆಂಟಿನಲ್ಲಿ ಕಳ್ಳತನ ಹೆಚ್ಚಿದಾಗ, ಹೊರಗಿನವರನ್ನು ಒಳಗೆ ಬಿಡಬಾರದೆಂಬ ನಿಯಮಕ್ಕೆ ಎಲ್ಲರಿಗಿಂತ ಮೊದಲು ಕೈ ಎತ್ತಿದವರು ಚಿನ್ನದ ಸರ ಕಳೆದುಕೊಂಡಿದ್ದ ಕಸ್ತೂರಮ್ಮ.

ಶ್ರಾವಣ ಸೋಮವಾರ ಅವರ ಮನೆಯ ಪಾದಪೂಜೆಗೆಂದು ಹರಿಹರದಿಂದ ಬಂದ ಮುದುಕ ಅಯ್ಯನವರನ್ನು ಕಾವಲುಗಾರ ಗೇಟಿನಲ್ಲೇ ತಡೆದ. ಕಸ್ತೂರಮ್ಮ ಕಾರ್ಯದರ್ಶಿ ಬಕ್ಕೇಶನಿಗೆ ಫೋನು ಮಾಡಿದರು.

“ನಮ್ಮ ಮನಿ ಅಯ್ಯನೋರು, ಒಳಗ ಬಿಡಪ್ಪ.”

“ರೂಲ್ಸ್ ಎಲ್ರಿಗೂ ಒಂದೇರಿ, ಕಸ್ತೂರಮ್ಮಾರೆ.”

ಅವರಿಗೆ ಸಿಟ್ಟು ನೆತ್ತಿಗೇರಿತು. ತಂಬಿಗೆ, ತಟ್ಟೆ, ವಿಭೂತಿ, ಮಣೆ ಎಲ್ಲ ಹಿಡಿದು ಕೆಳಗಿಳಿದರು. ಅಯ್ಯನವರನ್ನು ಗೇಟಿನ ನಟ್ಟನಡುವೆ ಕೂರಿಸಿ ಪಾದ ತೊಳೆಯತೊಡಗಿದರು. ಹೊರಗೆ ಹೊರಟಿದ್ದ ಬಕ್ಕೇಶ ಕಾರಿನಲ್ಲಿ ಕೂತು ಹಾರ್ನ್ ಹೊಡೆದೇ ಹೊಡೆದ.

“ಹೊಡ್ಕಳಪ್ಪ, ಹೊಡ್ಕ!” ಕಸ್ತೂರಮ್ಮ ತಲೆ ಎತ್ತಲಿಲ್ಲ. “ಕಳ್ಳ ಬರೇ ಸರ ತಗಂಡು ಹೋದ. ನಮ್ಮನಿ ಬಾಗ್ಲನ್ನ ನಾನೇ ಕೈ ಎತ್ತಿ ನಿಂಗೆ ಕೊಟ್ಟೆ.”