ಜೋಮು ಹಿಡಿದ ಕೈಗೊಂದು ಕೋಲು

ನಮ್ಮ ಮನೆಯವರಿಗೆ ಅವರ ಜೊತೆಯ ಕೆಲಸದವರು ಇಟ್ಟ ಹೆಸರು ಡ್ರಿಲ್ಲಪ್ಪ. ರಸ್ತೆ ಒಡೆಯುವ ಯಂತ್ರವನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು ಕಾಂಕ್ರೀಟು ಸೀಳುವುದು ಅವರ ಕೆಲಸವಾಗಿತ್ತು. ನೀರಿನ ಕೊಳವೆ ಒಡೆದರೆ, ಕೇಬಲ್ ಹಾಕಬೇಕಾದರೆ ಮೊದಲು ಇವರು ಬರಬೇಕಿತ್ತು. ಇವರು ಬಂದ ಬೀದಿಯಲ್ಲಿ ಆ ದಿನ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ.

ನಾನು ಅವರನ್ನು ಮೊದಲು ನೋಡಿದ್ದು ಜಗಳಕ್ಕೆ ಹೋಗಿ. ನಮ್ಮಪ್ಪನದು ಗಾಳದ ಸಾಮಾನಿನ ಅಂಗಡಿ. ಈಗ ಅದನ್ನು ನಾನೇ ನೋಡಿಕೊಳ್ಳುತ್ತೇನೆ. ಅಂದು ಅಂಗಡಿಯ ಎದುರಿಗೇ ಯಂತ್ರ ಶುರುವಾಗಿ, ಗೋಡೆಗೆ ಒರಗಿಸಿಟ್ಟಿದ್ದ ಗಾಳದ ಕೋಲುಗಳೆಲ್ಲ ನಡುಗಿ ನಡುಗಿ ನೆಲಕ್ಕೆ ಬಿದ್ದವು. ಕೈಯಲ್ಲಿದ್ದ ಪೊರಕೆಯ ಸಮೇತ ಹೊರಗೆ ಬಂದು ಬಾಯಿಗೆ ಬಂದಂತೆ ಬೈದೆ. ಅವರು ಯಂತ್ರ ನಿಲ್ಲಿಸಿ, ಕಿವಿಯ ಮುಚ್ಚಳ ತೆಗೆದು, "ಏನಂದ್ರಿ?" ಎಂದರು. ಅಷ್ಟೂ ಬೈಗುಳ ದಂಡ. ಮತ್ತೆ ಮೊದಲಿನಿಂದ ಶುರುಮಾಡುವಷ್ಟು ಉಸಿರು ನನ್ನಲ್ಲಿ ಉಳಿದಿರಲಿಲ್ಲ.

"ಕೋಲು ಬಿದ್ದವು" ಎಂದೆ.

ಒಳಗೆ ಬಂದು ಒಂದೊಂದನ್ನೇ ಎತ್ತಿ, ತುದಿ ಅಲ್ಲಾಡಿಸಿ ನೋಡಿ ಜಾಗಕ್ಕಿಟ್ಟರು. ಕೋಲಿನ ತುದಿಯಲ್ಲಿ ನೋಡುವಂಥದ್ದೇನೋ ಇರುತ್ತದೆ ಎಂದು ನನಗೆ ತಿಳಿದದ್ದೇ ಆಗ. ಗಾಳದ ಅಂಗಡಿಯಲ್ಲಿ ಹುಟ್ಟಿ ಬೆಳೆದರೂ ನಾನು ಒಂದು ದಿನವೂ ನೀರಿಗೆ ದಾರ ಬಿಟ್ಟವಳಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ.

ಮದುವೆಯಾದ ಮೇಲೆ ಭಾನುವಾರಗಳಂದು ಕೆರೆಗೆ ಕರೆದುಕೊಂಡು ಹೋಗಿ ಕಲಿಸಿದರು. ಅವರಿಗೆ ಇಷ್ಟವಾದದ್ದು ಒಂದೇ ಆಟ. ಬಾಸ್ ಎಂಬ ಮೀನನ್ನು ನೀರಿನ ಮೇಲಕ್ಕೇ ಕರೆಸಿ ಹಿಡಿಯುವುದು. ಅದಕ್ಕೆ ಹುಳು ಬೇಡ. ಬೆರಳುದ್ದದ ಮರದ ಮೀನು ಸಾಕು; ನಮ್ಮ ಮನೆಯಲ್ಲಿ ಅದಕ್ಕೆ ಸುಳ್ಳುಮೀನು ಎನ್ನುತ್ತೇವೆ. ಹೊಟ್ಟೆಯಡಿ ಕೊಕ್ಕೆ ಇರುತ್ತದೆ. ದೂರಕ್ಕೆ ಎಸೆದು ಕೋಲಿನ ತುದಿಯನ್ನು ಸಣ್ಣಸಣ್ಣಗೆ ಜಗ್ಗುತ್ತ ಬಂದರೆ ಅದು ಗಾಯವಾದ ಮೀನಿನಂತೆ ನೀರಿನ ಮೇಲೆ ಒದ್ದಾಡುತ್ತ ಬರುತ್ತದೆ. ಕೆಳಗಿನಿಂದ ಬಾಸ್ ಬಂದು ಧಪ್ಪನೆ ಹೊಡೆಯುತ್ತದೆ. ನೀರು ಸಿಡಿದದ್ದು ಕಂಡ ಕೂಡಲೇ ಎಳೆದರೆ ಕೆಟ್ಟಿತು. ಮೀನು ಬಾಯಿ ಮುಚ್ಚುವ ಮೊದಲೇ ಸುಳ್ಳುಮೀನು ಹೊರಗೆ ಹಾರಿ ಬರುತ್ತದೆ. ಕೈಗೆ ಭಾರ ತಿಳಿಯುವವರೆಗೆ ಸುಮ್ಮನಿರಬೇಕು.

ಸುಮ್ಮನಿರುವುದು ನನ್ನ ಹಣೆಯಲ್ಲೇ ಬರೆದಿಲ್ಲ. ನೀರು ಸಿಡಿದಾಗೆಲ್ಲ ಎಳೆದುಬಿಟ್ಟು, ಆಮೇಲೆ "ಇದೆಯಾ? ಇದೆಯಾ?" ಎಂದು ಅವರನ್ನೇ ಕೇಳುತ್ತಿದ್ದೆ.

"ನನ್ನನ್ಯಾಕೆ ಕೇಳ್ತೀಯ, ಕೈಯನ್ನ ಕೇಳು" ಎನ್ನುತ್ತಿದ್ದರು.

ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದನ್ನು ಆ ಕೆರೆಯ ಮೀನುಗಳೆಲ್ಲ ಸೇರಿ ನನಗೆ ಕಲಿಸಿದವು.

ಅವರ ಕೈಗೆ ಮೊದಲು ಬಂದದ್ದು ಬಿಳುಪು. ಬೆರಳ ತುದಿಗಳು ಬೆಳ್ಳಗಾಗುತ್ತಿದ್ದವು. ಚಳಿಗೆ ಎಂದುಕೊಂಡೆವು. ಆಮೇಲೆ ಅಂಗಿಯ ಗುಂಡಿ ಹಾಕಲು ಕನ್ನಡಿಯ ಮುಂದೆ ನಿಲ್ಲತೊಡಗಿದರು. ಗುಂಡಿ ಎಲ್ಲಿದೆ ಎಂದು ಕಣ್ಣೇ ಹೇಳಬೇಕಿತ್ತು. ಒಂದು ದಿನ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಅದನ್ನು ಹಿಡಿದುಕೊಂಡೇ ನನ್ನೊಡನೆ ಏನೋ ಮಾತಾಡುತ್ತ ನಿಂತರು. ಚರ್ಮ ಸುಟ್ಟ ವಾಸನೆ ಬಂದದ್ದು ನನಗೆ. ವರ್ಷಗಟ್ಟಲೆ ಯಂತ್ರದ ನಡುಕ ತಿಂದು ಕೈಯ ನರಗಳು ಸತ್ತಿವೆ, ಸ್ಪರ್ಶ ಇನ್ನು ಬರುವುದಿಲ್ಲ ಎಂದರು ಡಾಕ್ಟರು. ಮಣಿಕಟ್ಟಿನ ಮೇಲೆ ಎಲ್ಲ ಸರಿ, ಕೆಳಗೆ ಏನೂ ಇಲ್ಲ.

ಕೆಲಸ ಬಿಡಿಸಿ ಮನೆಗೆ ಕಳಿಸಿದರು. ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತವರು ಕೂತೇ ಬಿಟ್ಟರು. ಊಟಕ್ಕೆ ಕರೆದರೂ "ಹೂಂ", ಬೈದರೂ "ಹೂಂ". ಜೋಮು ಕೈಯಿಂದ ಮೇಲಕ್ಕೆ ಹತ್ತಿ ಮನಸ್ಸನ್ನೂ ಹಿಡಿಯಿತೇನೋ ಎಂದು ನನಗೆ ಭಯವಾಯಿತು. ಸ್ವಲ್ಪ ಕಾಲಕ್ಕೆ ಆ ಭಯವೂ ಹೋಯಿತು. ಅಂಗಡಿ ತೆಗೆಯುತ್ತಿದ್ದೆ, ಮುಚ್ಚುತ್ತಿದ್ದೆ, ಬಂದು ಅಡುಗೆ ಮಾಡುತ್ತಿದ್ದೆ. ಗಿರಾಕಿಗಳ ಮೇಲೆ ರೇಗುವುದಕ್ಕೂ ಮೊದಲಿನ ಹುರುಪಿರಲಿಲ್ಲ.

ಆಗಲೇ ಮಗಳಿಗೆ ಮಗು ಹುಟ್ಟಿದ್ದು. ಅವಳ ಮನೆ ಪಕ್ಕದ ಬೀದಿಯಲ್ಲಿ. ಮಗುವನ್ನು ತಂದು, "ಅಪ್ಪ, ತಗೋ" ಎಂದು ಮುಂದೆ ಚಾಚಿದಳು. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಬೇಡಮ್ಮ."

ಅವಳು ಬಂದಾಗೆಲ್ಲ ಇದೇ ಆಯಿತು. ಒಂದು ದಿನ ಅಡುಗೆಮನೆಗೆ ಬಂದು, ತಟ್ಟೆ ಒರೆಸುವ ಬಟ್ಟೆಯನ್ನು ಹಿಂಡುತ್ತ ನಿಂತಳು.

"ಅಮ್ಮ, ಅಪ್ಪಂಗೆ ಪಾಪು ಕಂಡ್ರೆ ಆಗಲ್ವಾ?"

"ಕೈ ಸರಿಯಿಲ್ಲ ಅಂತ ಗೊತ್ತಲ್ವೇನೆ ನಿಂಗೆ."

"ಕೈ ಸರಿಯಿಲ್ಲ, ಒಪ್ಕೋತೀನಿ. ಮುಖಾನೂ ನೋಡಲ್ವಲ್ಲ."

ಅವಳು ಹೋದ ಮೇಲೆ ಕುರ್ಚಿಯ ಮುಂದೆ ನಿಂತು ಅದನ್ನೇ ಕೇಳಿದೆ. ಕಿಟಕಿಯತ್ತ ಮುಖ ಮಾಡಿಕೊಂಡೇ ಹೇಳಿದರು.

"ಹಿಡ್ಕೊಂಡಿದೀನಾ ಬಿಟ್ಟಿದೀನಾ ಅಂತಾನೇ ಗೊತ್ತಾಗಲ್ಲ ಕಣೇ. ಜೋರಾಗಿ ಅದುಮಿಬಿಟ್ರೆ? ಕೆಳಗೆ ಹಾಕ್ಬಿಟ್ರೆ? ಮುಖ ನೋಡಿದ್ರೆ ಎತ್ಕೋಬೇಕು ಅನ್ಸುತ್ತೆ. ಅದಕ್ಕೇ ನೋಡಲ್ಲ."

ಇಷ್ಟು ಉದ್ದದ ಮಾತು ಆ ಬಾಯಿಂದ ಬಂದು ಎಷ್ಟೋ ಕಾಲವಾಗಿತ್ತು. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಬಂದದ್ದು ಸಿಟ್ಟು. ಈ ಕೈ ಯಾವುದಾದರೂ ಒಂದನ್ನು ಕಳೆದುಕೊಳ್ಳದೆ ಹಿಡಿದು ತೋರಿಸಬೇಕು. ಹಾಗೆ ತೋರಿಸಿದರೆ ಮಗುವನ್ನೂ ಎತ್ತಿಕೊಂಡಾರು ಎಂದು ಹಟ ಹುಟ್ಟಿತು. ಹಿಡಿಯುವ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಗಾಳ ಒಂದೇ. ಮುಂದಿನ ಭಾನುವಾರ ಅವರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಕೆರೆಗೆ ಹೋದೆ.

ಕೋಲಿನ ಮೇಲೆ ದಾರ ಸುತ್ತಿಡುವ ಅವರ ಹಳೆಯ ರೀಲು ಹೆಬ್ಬೆರಳಿನ ರೀಲು. ಎಸೆಯುವಾಗ ತಿರುಗುವ ಉರುಳೆಯನ್ನು ಹೆಬ್ಬೆರಳು ಸವರುತ್ತ ವೇಗ ತಡೆಯಬೇಕು. ಹೆಬ್ಬೆರಳಿಗೆ ಏನೂ ತಿಳಿಯದು. ಸುಳ್ಳುಮೀನು ನೀರಿಗೆ ಬಿದ್ದ ಮೇಲೂ ಉರುಳೆ ತಿರುಗುತ್ತಲೇ ಇತ್ತು. ದಾರವೆಲ್ಲ ಸಿಕ್ಕುಸಿಕ್ಕು. ದಂಡೆಯ ಮೇಲೆ ಕೂತು ಬಿಡಿಸುವಷ್ಟರಲ್ಲಿ ಬಿಸಿಲೇರಿತ್ತು. ಮರುವಾರ ಕೋಲಿನ ಕೆಳಗೆ ನೇತಾಡುವ, ಹೆಬ್ಬೆರಳಿನ ಹಂಗಿಲ್ಲದ ರೀಲು ಕೊಟ್ಟೆ.

"ಇದು ಕಲಿಯೋ ಮಕ್ಕಳ ರೀಲು" ಎಂದು ಮೂಗು ಮುರಿದರು.

ಮೂಗು ಮುರಿದರಲ್ಲ, ಅಷ್ಟೇ ನನಗೆ ಸಮಾಧಾನ. ಸುತ್ತುವ ಹಿಡಿ ಸಣ್ಣದಾಗಿ ಬೆರಳಿನಿಂದ ಜಾರುತ್ತಿತ್ತು. ತೆಗೆದು ದೊಡ್ಡ ರಬ್ಬರ್ ಹಿಡಿ ಹಾಕಿದೆ. ಸಡಿಲ ಬಿದ್ದ ದಾರವನ್ನು ಬೇಗ ಎಳೆದುಕೊಳ್ಳಲಿ ಎಂದು ಚುರುಕಾಗಿ ಸುತ್ತುವ ರೀಲನ್ನೇ ಆರಿಸಿದ್ದೆ. ಅಲ್ಲಿಯವರೆಗೆ ನನ್ನ ಲೆಕ್ಕ ಸರಿಯಾಗಿತ್ತು.

ಕೋಲಿನಲ್ಲಿ ಎಡವಿದೆ. ಕೈಗೆ ತಿಳಿಯುವುದಿಲ್ಲವಾದರೆ ತುಂಬ ತಿಳಿಸುವ ಕೋಲು ಕೊಡೋಣ ಎಂದು ಅಂಗಡಿಯಲ್ಲೇ ಅತಿ ಬಿಗಿಯಾದ ಕಾರ್ಬನ್ ಕೋಲು ತೆಗೆದೆ. ಅದಕ್ಕೆ ಎಳ್ಳಷ್ಟೂ ಹಿಗ್ಗದ ಹೆಣಿಗೆಯ ದಾರ. ಮೀನು ಉಸಿರು ಬಿಟ್ಟರೂ ಹಿಡಿಗೆ ಸುದ್ದಿ ಮುಟ್ಟುವಂಥ ಜೋಡಿ. ಕಿವುಡರ ಮುಂದೆ ಇನ್ನಷ್ಟು ಕಿರುಚಿದರೆ ಕೇಳಿಸೀತು ಎನ್ನುವವರ ಬುದ್ಧಿ ನನ್ನದಾಯಿತು.

ಬಾಸ್ ಹೊಡೆಯಿತು. ಕಾಯುವುದನ್ನು ನನಗೆ ಕಲಿಸಿದ ಮನುಷ್ಯ, ನೀರು ಸಿಡಿದದ್ದೇ ತಡ, ಎಳೆದುಬಿಟ್ಟರು. ಬಿಗಿ ಕೋಲು, ಹಿಗ್ಗದ ದಾರ. ಸುಳ್ಳುಮೀನು ಹಾರಿ ಬಂದು ನಮ್ಮ ಕಾಲ ಬಳಿ ಬಿತ್ತು. ಮತ್ತೆ ಎಸೆದರು, ಮತ್ತೆ ಅದೇ. ಹಲವು ಭಾನುವಾರ ಹೀಗೇ ಕಳೆದವು. ಕೊನೆಗೆ ಕೋಲನ್ನು ಹುಲ್ಲಿನ ಮೇಲೆ ಮಲಗಿಸಿದರು.

"ಕೈ ಹೇಳೋವರೆಗೂ ಕಾಯಬೇಕು ಅಂತ ನಿಂಗೆ ಹೇಳ್ಕೊಟ್ಟೆ. ಇದು ಹೇಳಲ್ಲ. ಎಲ್ಲಿವರೆಗೂ ಕಾಯೋದು? ಮಾರ್ಬಿಡು ಇದನ್ನ. ನಾನಿನ್ನು ಬರಲ್ಲ."

"ಇನ್ನೊಂದೇ ವಾರ ರೀ."

"ಇನ್ನೊಂದೇ" ಎಂದರು. ಆ ಮನುಷ್ಯ ಆಡಿದ ಮಾತು ತಪ್ಪುವವರಲ್ಲ.

ಆ ವಾರ ನಮ್ಮ ಬೀದಿಯ ಕ್ಷೌರಿಕ ಅಂಗಡಿಗೆ ಬಂದು ಒಂದು ಕೋಲನ್ನು ಮೇಜಿನ ಮೇಲೆ ಕುಕ್ಕಿದ. ಫೈಬರ್ ಗ್ಲಾಸಿನದು, ಹಳೆಯ ತರಹದ್ದು.

"ಏನಕ್ಕ ಇದು, ಸತ್ತ ಕೋಲು ಕೊಟ್ಟಿದೀರಿ? ನಾನು ಈಗ ಎಳೆದ್ರೆ ಇದು ಬಾಗಿ, ಬಳುಕಿ, ಯಾವಾಗಲೋ ಎಳೆಯುತ್ತೆ."

ಒಮ್ಮೆ ಮಾರಿದ ಸಾಮಾನನ್ನು ವಾಪಸ್ ಪಡೆಯುವ ಪದ್ಧತಿ ನನ್ನಲ್ಲಿಲ್ಲ. ಬೈಯಲು ಬಾಯಿ ತೆರೆದವಳು ತೆರೆದ ಹಾಗೇ ನಿಂತೆ.

"ನೀನು ಎಳೆದ ತಕ್ಷಣ ಇದು ಎಳೆಯಲ್ವಾ?"

"ಇಲ್ಲ ಅಂದ್ನಲ್ಲ. ಅದಕ್ಕೆ ಮನಸ್ಸು ಬಂದಾಗ."

ದುಡ್ಡು ಎಣಿಸಿ ಕೊಟ್ಟು ಕೋಲನ್ನು ವಾಪಸ್ ತೆಗೆದುಕೊಂಡೆ. ನನ್ನ ಮನಸ್ಸು ಬದಲಾದೀತೆಂದು ಅವನು ಬಿರಬಿರನೆ ಹೊರಟುಹೋದ.

ಅವರ ರೀಲನ್ನು ಆ ಕೋಲಿಗೆ ಕಟ್ಟಿ, ಹೆಣಿಗೆಯ ದಾರ ಬಿಚ್ಚಿ, ಎಳೆದರೆ ಹಿಗ್ಗುವ ಸಾದಾ ನೈಲಾನ್ ದಾರ ಸುತ್ತಿದೆ. ಹಿಗ್ಗುವುದರ ಜೊತೆಗೆ ಅದು ಬೇಗ ಮುಳುಗುವುದಿಲ್ಲ. ನೀರಲ್ಲಿ ಕಾಣದ ದಾರವೇ ಬೇಕೆಂದು ದುಬಾರಿಯದನ್ನು ಕೇಳುವ ಗಿರಾಕಿಗಳಿದ್ದಾರೆ. ಅದು ಮುಳುಗುವ ದಾರ, ತೇಲಬೇಕಾದ ಸುಳ್ಳುಮೀನಿನ ಮೂಗನ್ನು ಕೆಳಕ್ಕೆ ಜಗ್ಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಕಥೆ. ಕೈ ಮಂದವಾದರೆ ಕೋಲೂ ಮಂದವಾಗಿರಲಿ, ದಾರವೂ ಮಂದವಾಗಿರಲಿ. ಅವರು ಕಾಯಲಾರದ ಆ ಒಂದು ಗಳಿಗೆಯನ್ನು ಇವೆರಡೂ ಸೇರಿ ಕಾಯಲಿ ಎಂದುಕೊಂಡೆ.

ಭಾನುವಾರ ದಂಡೆಯಲ್ಲಿ ಕೋಲನ್ನು ತೆಗೆದುಕೊಂಡು, ಹಳೆಯ ಅಭ್ಯಾಸದಂತೆ ತುದಿ ಅಲ್ಲಾಡಿಸಿ ನೋಡಿದರು. ಅದು ಅಲ್ಲಾಡಿ ನಿಲ್ಲಲು ತನ್ನದೇ ಹೊತ್ತು ತೆಗೆದುಕೊಂಡಿತು.

"ಇದಕ್ಕೂ ನನ್ನ ಹಾಗೇ ಜೋಮು" ಎಂದರು. ನಗಲಿಲ್ಲ.

"ಕೋಲಿನ ಬುಡಾನ ಮೊಣಕೈ ಕೆಳಗೆ, ತೋಳಿನ ಒಳಗಡೆಗೆ ಒತ್ತಿಟ್ಕೊಳ್ಳಿ. ಜಾರಲ್ಲ" ಎಂದೆ.

ಎಸೆದರು. ಸುಳ್ಳುಮೀನು ಜೊಂಡಿನ ಅಂಚಿನಲ್ಲಿ ಒದ್ದಾಡುತ್ತ ಬಂತು. ಧಪ್ಪೆಂದಿತು. ಅವರು ಎಂದಿನಂತೆ ತಕ್ಷಣ ಎಳೆದರು. ಕೋಲು ಬಾಗಿತು, ಇನ್ನೂ ಬಾಗಿತು, ದಾರ ಹಿಗ್ಗಿತು. ಇದೂ ಹೋಯಿತು ಎಂದು ಅವರು ಆಗಲೇ ತಲೆ ತಗ್ಗಿಸಿದ್ದರು. ಕಾಲ ಬಳಿ ಏನೂ ಬಂದು ಬೀಳಲಿಲ್ಲ. ಕೋಲು ಬಾಗಿದ್ದು ಬಾಗಿದಂತೆಯೇ ನಿಂತಿತ್ತು. ತಲೆಯೆತ್ತಿ ಅದನ್ನು ನೋಡಿದರು, ಆಮೇಲೆ ನನ್ನನ್ನು.

"ಇದೆಯಾ?" ಎಂದರು.

ನನ್ನನ್ಯಾಕೆ ಕೇಳ್ತೀರಿ, ಕೈಯನ್ನ ಕೇಳಿ. ಈ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಎಷ್ಟು ವರ್ಷದಿಂದ ತಿರುಗಿಸಿ ಹೇಳಲು ಕಾದಿದ್ದೆನೋ ಏನೋ. ನುಂಗಿಕೊಂಡೆ.

"ಇದೆ. ಸುತ್ತಿ."

ಹಿಡಿ ಕೈಯಲ್ಲಿದೆಯೇ ಎಂದು ಆಗಾಗ ಕಣ್ಣಿಂದ ನೋಡಿಕೊಳ್ಳುತ್ತ ಸುತ್ತಿದರು. ದೊಡ್ಡ ಮೀನೇನಲ್ಲ. ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟೆ. ಅವರು ತಮ್ಮ ತೋಳಿನ ಒಳಮಗ್ಗುಲನ್ನು ನೋಡಿಕೊಳ್ಳುತ್ತಿದ್ದರು. ಕೋಲಿನ ಬುಡ ಒತ್ತಿದಲ್ಲಿ ಕೆಂಪಗೆ ಗುರುತು ಬಿದ್ದಿತ್ತು.

"ಒದ್ದಾಡಿದ್ದು ಇಲ್ಲಿ ಗೊತ್ತಾಯ್ತು" ಎಂದರು.

ದಾರಿಯುದ್ದಕ್ಕೂ ಆ ಗುರುತನ್ನೇ ಮತ್ತೆ ಮತ್ತೆ ನೋಡಿಕೊಳ್ಳುತ್ತ ಬಂದರು.

ಮನೆಯಲ್ಲಿ ಮಗಳು ಮಗುವನ್ನು ಭುಜಕ್ಕೆ ಹಾಕಿಕೊಂಡು ಓಡಾಡುತ್ತಿದ್ದಳು. ಈಗೀಗ ಅವಳು ಮಗುವನ್ನು ಅಪ್ಪನತ್ತ ಚಾಚುವುದನ್ನು ಬಿಟ್ಟಿದ್ದಳು. ಅವರು ನೇರ ಹೋಗಿ ಕುರ್ಚಿಯಲ್ಲಿ ಕೂತು, ಅಂಗಿಯ ತೋಳನ್ನು ಹಲ್ಲಿನಿಂದ ಎಳೆದು ಮೊಣಕೈಯ ಮೇಲಕ್ಕೆ ಸರಿಸಿದರು, ಒಂದಾದ ಮೇಲೊಂದು. ಎರಡು ತೋಳುಗಳನ್ನೂ ತೊಡೆಯ ಮೇಲೆ ಜೋಡಿಸಿಟ್ಟರು. ಅಂಗೈಗಳು ಮಂಡಿಯಾಚೆ ಸುಮ್ಮನೆ ಜೋತುಬಿದ್ದಿದ್ದವು.

"ಇಲ್ಲಿ ಮಲಗಿಸಮ್ಮ" ಎಂದರು.

ಮಗಳು ನನ್ನ ಮುಖ ನೋಡಿದಳು. ತಲೆಯಾಡಿಸಿದೆ. ಅವಳು ಮಲಗಿಸಿ, ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. ನಾನು ಕುರ್ಚಿಯ ಪಕ್ಕಕ್ಕೇ ಹೋಗಿ ನಿಂತೆ. ಇದೆಯಾ ಎಂದು ಕೇಳುತ್ತಾರೆಂದು ಗೊತ್ತಿತ್ತು. ಇದೆ ಎನ್ನಲು ಸಿದ್ಧಳಾಗಿದ್ದೆ.

ಕೇಳಲಿಲ್ಲ.

"ಬೆಚ್ಚಗಿದೆ" ಎಂದರು, ಯಾರಿಗೂ ಅಲ್ಲದಂತೆ. ಅವರು ಮಗುವಿನ ಮುಖ ನೋಡುತ್ತಿದ್ದರು.