ಹಳೇ ಡಿಸ್ಕು, ಎರಡನೇ ಪಾನ

ಅವರ ಎಡಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಂತಿರಲಿಲ್ಲ. ಗೋಧಿ ಕಾಳಿನಷ್ಟು ಮುಂದಕ್ಕೆ ಬೆಳೆದು, ದಪ್ಪಗಾಗಿ, ತುದಿಯಲ್ಲಿ ಓರೆಯಾಗಿ ಸವೆದಿತ್ತು. ಲ್ಯಾಪ್‌ಟಾಪಿನ ತಳದ ಸ್ಕ್ರೂಗಳನ್ನೆಲ್ಲ ಬಿಚ್ಚಿ ಸ್ಟೀಲಿನ ವಾಟಿಯಲ್ಲಿ ಹಾಕಿದ ಮೇಲೆ ಆ ಉಗುರನ್ನು ಅಂಚಿನ ಸಂದಿಗೆ ತೂರಿಸಿ ಮೆಲ್ಲಗೆ ಎಳೆಯುತ್ತ ಹೋಗುತ್ತಿದ್ದರು. ಟಕ್, ಟಕ್, ಟಕ್ ಎಂದು ಒಂದೊಂದೇ ಕ್ಲಿಪ್ಪು ಬಿಟ್ಟುಕೊಂಡು ಮುಚ್ಚಳ ಕೈಗೆ ಬರುತ್ತಿತ್ತು. ಬೇರೆ ಅಂಗಡಿಗಳಲ್ಲಿ ಇದಕ್ಕೆ ಸ್ಕ್ರೂಡ್ರೈವರನ್ನೇ ತುರುಕುತ್ತಾರೆ. ಇವರು ಕಬ್ಬಿಣ ಮುಟ್ಟಿಸುತ್ತಿರಲಿಲ್ಲ. "ಕಬ್ಬಿಣಕ್ಕ ಎಲ್ಲಿ ನಿಂದರಬೇಕು ಅನ್ನೋದು ತಿಳಿಯಂಗಿಲ್ರಿ. ಉಗುರಿಗಿ ತಿಳೀತದ" ಎನ್ನುತ್ತಿದ್ದರು.

ಸೊಲ್ಲಾಪುರದ ನವೀ ಪೇಠದಲ್ಲಿ, ಒಂದು ಹಳೆಯ ಕಟ್ಟಡದ ಮೆಟ್ಟಿಲಿನ ಕೆಳಗೆ ಅವರ ಅಂಗಡಿ. ಇಬ್ಬರು ಕೂತರೆ ಮೂರನೆಯವರು ನಿಲ್ಲಬೇಕು. ಮೊದಲು ಗಿರಣಿ ಆಫೀಸುಗಳ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದರಂತೆ. ಗಿರಣಿಗಳು ಮುಚ್ಚಿದವು, ಟೈಪ್‌ರೈಟರುಗಳು ಗುಜರಿಗೆ ಹೋದವು. ಇವರು ಅದೇ ಸ್ಟೂಲಿನ ಮೇಲೆ ಕೂತು ಕಂಪ್ಯೂಟರ್ ಕಲಿತರು. ನಾವೆಲ್ಲ ಅವರನ್ನು ಕರೆಯುತ್ತಿದ್ದುದು ಕಾಕಾ ಎಂದೇ.

ನನ್ನದು ಅಕ್ಕಲಕೋಟದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ವಾಸ್ತುಶಾಂತಿ ಪತ್ರಿಕೆ, ಅರ್ಜಿ ಟೈಪಿಂಗು. ಇದೇ ಕೆಲಸಕ್ಕೆ ಊರಲ್ಲಿ ಇನ್ನೂ ಎಷ್ಟೋ ಅಂಗಡಿಗಳಿವೆ. ಆದರೆ ಒಂದು ಬದಿಗೆ ಮರಾಠಿ, ಇನ್ನೊಂದು ಬದಿಗೆ ಕನ್ನಡ ಹಾಕಿಕೊಡುವವಳು ನಾನೊಬ್ಬಳೇ. ಹಳ್ಳಿಗಳ ಹಿರಿಯರು ಕನ್ನಡ ಸಾಲಿಯಲ್ಲಿ ಕಲಿತವರು, ಅವರ ಮೊಮ್ಮಕ್ಕಳು ಮರಾಠಿ ಸಾಲಿಯವರು. ಒಂದೇ ಪತ್ರಿಕೆ ಇಬ್ಬರಿಗೂ ಬೇಕು. ಆ ಎರಡನೇ ಬದಿಯಿಂದಲೇ ನಾನು ಸ್ವಂತ ಅಂಗಡಿ ಮಾಡಿದ್ದು, ಮಗಳನ್ನು ಓದಿಸಿದ್ದು.

ಎಂಟು ವರ್ಷದ ಹಿಂದೆ ನನ್ನ ಲ್ಯಾಪ್‌ಟಾಪು ಎಷ್ಟು ನಿಧಾನವಾಗಿತ್ತೆಂದರೆ, ಗುಂಡಿ ಒತ್ತಿ ಅಂಗಡಿ ಗುಡಿಸಿ, ನೀರು ಹೊಡೆದು, ಊದುಬತ್ತಿ ಹಚ್ಚಿ ಬಂದರೂ ಇನ್ನೂ ಪರದೆಯ ಮೇಲೆ ಚಕ್ರ ತಿರುಗುತ್ತಿರುತ್ತಿತ್ತು. ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಮರೆತೀತು: ಮಷೀನು ನಿಧಾನವಾಯಿತು, ಹೊಸದು ಕೊಳ್ಳಿ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಹಳೇ ಹಾರ್ಡ್ ಡಿಸ್ಕಿನ ಒಳಗೆ ಒಂದು ತಟ್ಟೆ ಗರಗರ ತಿರುಗುತ್ತದೆ. ಕೇಳಿದ್ದನ್ನು ಅದು ಹುಡುಕಿ ಕೊಡುವಷ್ಟರಲ್ಲಿ ಗಿರಾಕಿ ಎದ್ದು ಹೋಗಿರುತ್ತಾನೆ. ಎಸ್‌ಎಸ್‌ಡಿ ಎಂಬ ಹೊಸ ಡಿಸ್ಕಿನಲ್ಲಿ ತಿರುಗುವಂಥದ್ದೇನೂ ಇಲ್ಲ, ಬರೀ ಚಿಪ್‌ಗಳು. ಅದನ್ನು ಹಾಕಿಸಿ, ಜಾಗವೂ ದುಪ್ಪಟ್ಟು ತಗೊಳ್ಳಿ. ಹಳೇ ಮಷೀನು ಕುದುರೆಯಾಗುತ್ತದೆ. ಇದನ್ನು ನನಗೆ ಹೇಳಿದವರು ಕಾಕಾ.

ನಾನು ಮಾತಿನಲ್ಲಿ ಸೋತವಳಲ್ಲ. ಅವತ್ತೂ ಅವರ ಅಂಗಡಿಯಲ್ಲಿ ಚೌಕಾಶಿ ಶುರು ಮಾಡಿದೆ.

"ಕಾಕಾ, ಕಡೀ ಭಾವ ಹೇಳ್ರಿ."

"ಹೇಳೀನಲ್ರಿ ಅಕ್ಕಾರ. ಅದ ಮೊದಲಿಂದು, ಅದ ಕಡೀದು."

"ಹಂಗಂದ್ರ ಹ್ಯಾಂಗ್ರಿ? ಅಕ್ಕಲಕೋಟದಿಂದ ರೈಲ್ವೆ ಹತ್ತಿ ಬಂದೀನಿ."

"ರೈಲ್ವೆ ನಾ ಓಡ್ಸಂಗಿಲ್ರಿ."

"ಹೋಗ್ಲಿ, ಹಳೇ ಡಿಸ್ಕ್ ನೀವ ಇಟ್ಕೊಂಡು ಏನರೆ ಕಮ್ಮಿ ಮಾಡ್ರಿ."

ಹಳೇ ಸೀರೆ ಕೊಟ್ಟು ಪಾತ್ರೆ ಕೊಳ್ಳುವ ಮನೆಯಲ್ಲಿ ಬೆಳೆದವಳು ನಾನು. ಹಳೆಯದು ಬರಿದೇ ಮನೆಯಲ್ಲಿ ಕೂತರೆ ನನಗೆ ನಿದ್ದೆ ಬರುವುದಿಲ್ಲ. ಆದರೆ ಅದುವರೆಗೆ ನಗುತ್ತಿದ್ದ ಅವರ ಮುಖ ಗಂಭೀರವಾಯಿತು.

"ಹಳೇ ಡಿಸ್ಕ್ ನಾ ಯಾರದೂ ತಗೊಳಂಗಿಲ್ರಿ. ಹೊಸ ಮನ್ಯಾಗ ಒಂದ್ ಮಳಿಗಾಲ ಕಳಿಯೂತನಾ ಹಳೇ ಮನಿ ಕೆಡವಬಾರದು. ಮೂರ್ ತಿಂಗಳು ಕಪಾಟದಾಗ ಇಡ್ರಿ, ಆಮ್ಯಾಲ ನಿಮ್ಮ ಮರ್ಜಿ."

ಆಮೇಲೆ ಅರ್ಧ ಹಾಳೆ, ಒಂದು ಪೆನ್ನು ಕೊಟ್ಟರು. ಪ್ರತಿ ಗಿರಾಕಿಗೂ ಅವರು ಹೀಗೇ ಮಾಡುತ್ತಿದ್ದರು. ಹೊಸ ಡಿಸ್ಕಿಗೆ ಏನೇನು ಬರಬೇಕು ಎಂದು ಮಾಲೀಕರೇ ತಮ್ಮ ಕೈಯಿಂದ ಬರೆಯಬೇಕು. "ಹಳೇ ವಿಂಡೋಸ್ ತುಂಬ ವೈರಸ್ ಅದಾವ. ಹಂಗಾ ಕಾಪಿ ಹೊಡದ್ರ ಕಸಾನೂ ಬರ್ತದ. ಹೊಸಾದು ಹಾಕಿ, ನೀವು ಬರದಿದ್ದಷ್ಟ ತರ್ತೀನಿ. ಸಾವಕಾಶ ನೆನಪು ಮಾಡಿ ಬರೀರಿ" ಎಂದರು. ನನ್ನ ಕಣ್ಣು ಗಡಿಯಾರದ ಮೇಲಿತ್ತು. ಗಾಡಿ ತಪ್ಪಿದರೆ ಮುಂದಿನದು ಸಂಜೆಗೆ. "ಡಿ ಡ್ರೈವ್ ಪೂರ್ತಿ" ಎಂದು ಮೂರು ಶಬ್ದ ಗೀಚಿ ಎದ್ದೆ.

ಮೂರನೇ ದಿನ ಹೋದಾಗ ಲ್ಯಾಪ್‌ಟಾಪು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು. ಕಾಕಾ ಒಂದು ಲಗ್ನಪತ್ರಿಕೆಯ ಫೈಲು ತೆಗೆದು ತೋರಿಸಿದರು. ಮರಾಠಿ ಅಕ್ಷರಗಳು ಮುತ್ತಿನಂತೆ ನಿಂತಿದ್ದವು. ಹಳೇ ಡಿಸ್ಕನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು. ನಾನು ಸ್ಟೇಶನ್ನಿನ ದಾರಿಯಲ್ಲಿದ್ದ ಹಳೇ ಕಂಪ್ಯೂಟರ್ ಸಾಮಾನಿನ ಅಂಗಡಿಗೆ ನೆಟ್ಟಗೆ ಹೋಗಿ, ಡಿಸ್ಕು ಕೊಟ್ಟು, ಒಂದು ಮೌಸು ಮತ್ತು ಒಂದು ಲ್ಯಾಪ್‌ಟಾಪ್ ಬ್ಯಾಗು ತಗೊಂಡು ಗಾಡಿ ಹತ್ತಿದೆ. ಹೋಟಗಿ ದಾಟುವಷ್ಟರಲ್ಲಿ ಪಕ್ಕದ ಹೆಂಗಸಿಗೆ ಚೌಕಾಶಿಯ ಪಾಠ ಹೇಳಿ ಮುಗಿಸಿದ್ದೆ.

ಮರುದಿನ ಬೆಳಿಗ್ಗೆ ಹತ್ತಿರದ ವಾಗದರಿ ಹಳ್ಳಿಯ ದೊಡ್ಡ ಒಕ್ಕಲುತನದ ಮನೆಯವರು ಲಗ್ನಪತ್ರಿಕೆಯ ಮಾದರಿ ನೋಡಲು ಬಂದರು. ಜೊತೆಗೆ ಹಿರಿಯಜ್ಜ. ಕನ್ನಡದ ಬದಿಯನ್ನು ಅಜ್ಜನೇ ಓದಿ ಒಪ್ಪಬೇಕು. ನಾನು ಫೈಲು ತೆಗೆದು ಎರಡನೇ ಪುಟಕ್ಕೆ ಹೋದೆ. ಅಲ್ಲಿ ಕನ್ನಡ ಇರಲಿಲ್ಲ. ಇಂಗ್ಲಿಷ್ ಅಕ್ಷರ, ಕಂಸ, ಪ್ರಶ್ನೆಚಿಹ್ನೆಗಳನ್ನು ಮುಷ್ಟಿಯಲ್ಲಿ ಹಿಡಿದು ಚೆಲ್ಲಿದಂತಿತ್ತು. ಅಜ್ಜ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಇದ್ಯಾವ ಭಾಷಾ ತಂಗಿ? ಬೀಗರು ವಿಲಾಯತಿಯವರೇನು?"

ಮಗ ನಗಲಿಲ್ಲ. "ನಾಳಿ ಸಂಜೀತನಾ ನೋಡ್ತೀವ್ರಿ. ಆಗಂಗಿಲ್ಲಂದ್ರ ಕಲಬುರಗಿಗಿ ಹೋಗ್ತೀವಿ" ಎಂದ. ಈ ಮನೆ ಕಲಬುರಗಿಗೆ ಹೋಯಿತೆಂದರೆ ಇಡೀ ವಾಗದರಿ ಹೋಯಿತೆಂದೇ ಲೆಕ್ಕ. ಬೇರೆ ಫೈಲುಗಳನ್ನು ತೆಗೆದೆ. ಎಲ್ಲದರಲ್ಲೂ ಅದೇ ಗತಿ. ಹನ್ನೆರಡು ವರ್ಷ ಕೂತು ಟೈಪು ಮಾಡಿದ್ದ ಕನ್ನಡವೆಲ್ಲ ಕಸವಾಗಿತ್ತು. ಮರಾಠಿಗೆ ವಿಂಡೋಸಿನಲ್ಲೇ ಬರುವ ಫಾಂಟು ಸಾಕಿತ್ತು, ನನ್ನ ಕನ್ನಡ ಫಾಂಟು ಹಳೆಯ ಕಾಲದ್ದು. ಅದರಲ್ಲಿ ಬರೆದದ್ದನ್ನು ಈಗಿನ ಫಾಂಟುಗಳು ಓದುವುದಿಲ್ಲ. ಅದನ್ನು ಕೊಟ್ಟವರು ಅಂಗಡಿ ಮುಚ್ಚಿ ಯಾವುದೋ ಕಾಲವಾಗಿತ್ತು, ಸಿಡಿ ಗೀರುಬಿದ್ದು ಹಾಳಾಗಿತ್ತು. ಫಾಂಟು ಇದ್ದದ್ದು ವಿಂಡೋಸಿನ ಜೊತೆ, ಸಿ ಡ್ರೈವಿನಲ್ಲಿ. ನಾನು ಬರೆದುಕೊಟ್ಟದ್ದು ಡಿ.

ಸಿಕ್ಕ ಬಸ್ಸು ಹತ್ತಿ ನವೀ ಪೇಠಕ್ಕೆ ಬಂದು ಲ್ಯಾಪ್‌ಟಾಪನ್ನು ಕಾಕಾನ ಮುಂದೆ ಕುಕ್ಕಿದೆ.

"ನನ್ನ ಕನ್ನಡಾ ಎಲ್ಲಿ ಹೋಯ್ತು ಕಾಕಾ?"

ಅವರು ಫೈಲು ತೆಗೆದರು. ಮೊದಲ ಪುಟ, ಅವರ ಮಾತಿನಲ್ಲಿ ಪಾನ, ನೋಡಿದರು. ಕೆಳಗೆ ಸರಿಸಿ ಎರಡನೆಯದನ್ನು ಬಹಳ ಹೊತ್ತು ನೋಡಿದರು.

"ಚೂಕ ನಂದ ಅದ," ಎಂದರು. "ಮೊದಲನೇ ಪಾನ ನೋಡಿ ಮುಚ್ಚಿದೆ. ಎರಡನೇದು ಕನ್ನಡಾ ಇರ್ತದ, ಹೆಂಗೂ ನನಗ ಓದಾಕ ಬರಂಗಿಲ್ಲ ಅಂತ ಬಿಟ್ಟೆ. ಚಿಂತಿ ಬ್ಯಾಡ್ರಿ. ಫಾಂಟ್ ಹಳೇ ಡಿಸ್ಕಿನ್ಯಾಗ ಕೂತಿರ್ತದ. ಕೊಡ್ರಿ, ಹತ್ತ್ ಮಿನಿಟಿನ ಕೆಲಸ."

ನಾನು ಹೆಗಲಿನ ಬ್ಯಾಗನ್ನು ಹಿಂದಕ್ಕೆ ಸರಿಸಿದೆ.

"ಮನ್ಯಾಗ ಮರತ್ ಬಂದ್ರೇನು?"

ಹೌದು ಎನ್ನಬಹುದಿತ್ತು. ತಪ್ಪು ಪೂರ್ತಿ ಅವರದೇ ಆಗಿ ಉಳಿಯುತ್ತಿತ್ತು. ಆದರೆ ಹಾಗೆಂದರೆ ಡಿಸ್ಕು ಬರುತ್ತಿರಲಿಲ್ಲ. "ಕೊಟ್ಟುಬಿಟ್ಟೆ ಕಾಕಾ. ಸ್ಟೇಶನ್ ಕಡೀ ಅಂಗಡ್ಯಾಗ" ಎಂದೆ.

"ಏನ್ ಬಂತು?"

"ಮೌಸು. ಮತ್ತ ಈ ಬ್ಯಾಗು."

ಅವರು ನನ್ನ ಹೆಗಲಿನ ಬ್ಯಾಗನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಬ್ಯಾಗ್ ಛಲೋ ಅದ" ಎಂದವರೇ ಎದ್ದು ಶಟರ್ ಎಳೆದರು. ನಡುಹಗಲಿನಲ್ಲಿ ಆ ಶಟರ್ ಬಿದ್ದದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಆ ಅಂಗಡಿಯವ ಕಾಕಾನನ್ನು ಕಂಡು ಸ್ಟೂಲಿನಿಂದ ಎದ್ದ. "ಅರೇ ಕಾಕಾ, ನೀವು ನನ್ನ ಅಂಗಡಿಗಿ? ಇವತ್ತ ಹೊತ್ತು ಯಾವ ದಿಕ್ಕಿಗಿ ಹುಟ್ಯಾದ?" ಡಿಸ್ಕು ಇನ್ನೂ ಅಲ್ಲೇ ಇತ್ತು. ಆದರೆ ಅದನ್ನು ಆಗಲೇ ಅಳಿಸಿ ಇಟ್ಟಿದ್ದ. ಸಂಜೆ ಬೇರೆಯವರ ಮಷೀನಿಗೆ ಹಾಕುವುದಿತ್ತು. ವಿಷಯ ತಿಳಿದೊಡನೆ ಅವನ ಕಣ್ಣು ಸಣ್ಣದಾಯಿತು. ನಾನು ಬಾಯಿ ತೆರೆದೆ. ಕಾಕಾ ಕೈ ಅಡ್ಡ ಹಿಡಿದರು.

"ಇವತ್ತ ಚೌಕಾಶಿ ಬ್ಯಾಡ." ಆಮೇಲೆ ಅವನಿಗೆ, "ಏನ್ ಬೇಕು ಹೇಳೋ."

"ನನ್ನ ಕಡೆ ನಾಕ್ ಸತ್ತ ಮದರ್‌ಬೋರ್ಡ್ ಬಿದ್ದಾವ ಕಾಕಾ. ಯಾರ ಕೈಲೂ ಏಳವಲ್ವು. ನೀವ ಎಬ್ಬಿಸಿ ಕೊಡ್ರಿ."

"ಕೊಡು."

ನಾಲ್ಕು ಬೋರ್ಡುಗಳನ್ನು ಡಿಸ್ಕಿನ ಜೊತೆ ನನ್ನ ಛಲೋ ಬ್ಯಾಗಿನಲ್ಲೇ ಹಾಕಿಕೊಂಡು ಬಂದೆವು. ಅವುಗಳಿಗೆ ಅವರು ಎಷ್ಟು ದಿನ ಕಣ್ಣು ಸವೆಸಿದರೋ, ನನಗೆ ಒಂದು ದಿನವೂ ಹೇಳಲಿಲ್ಲ.

ಅಳಿಸಿದ ಡಿಸ್ಕಿನಲ್ಲಿ ಬರಹ ಕೂಡಲೇ ಸಾಯುವುದಿಲ್ಲ, ಅದರ ಮೇಲೆ ಬೇರೆಯದನ್ನು ಬರೆದಾಗ ಸಾಯುತ್ತದೆ. ಇದನ್ನೂ ಅವರೇ ಹೇಳಿದ್ದು. ಡಿಸ್ಕಿಗೆ ತಂತಿ ಜೋಡಿಸಿ ಹುಡುಕಲು ಬಿಟ್ಟು, ಮನೆಯಿಂದ ಬಂದ ಡಬ್ಬಿ ಬಿಚ್ಚಿ, ಅರ್ಧ ರೊಟ್ಟಿ ಶೇಂಗಾಹಿಂಡಿ ನನಗೆ ಕೊಟ್ಟರು. ಸಂಜೆಯ ಹೊತ್ತಿಗೆ ನೂರಾರು ಫಾಂಟುಗಳು ಬಂದವು. ಯಾವುದಕ್ಕೂ ಹೆಸರಿಲ್ಲ, ಬರೀ ನಂಬರು. ಅವರು ಒಂದೊಂದೇ ತೆರೆಯುತ್ತ ಹೋದರು, ನಾನು ನೋಡುತ್ತ ಹೋದೆ.

"ಇದು?"

"ಇದು ತೆಲುಗು ಕಾಕಾ."

"ನನಗ ಎರಡೂ ಒಂದ ಕಾಣ್ತಾವ. ಇದು?"

"ಕನ್ನಡಾನ. ಆದ್ರ ನಂದಲ್ಲ."

ಎಷ್ಟನೆಯದೋ ತೆರೆದಾಗ ನನ್ನ ಅಕ್ಷರಗಳು ಬಂದವು. ವಾಗದರಿಯ ಪತ್ರಿಕೆ ತೆಗೆದೆವು. ಕಸವಿದ್ದಲ್ಲಿ ಸಾಲುಸಾಲಾಗಿ ಕನ್ನಡ ನಿಂತಿತ್ತು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಕಾಕಾ ಮಾತ್ರ ಪರದೆಯನ್ನೇ ನೋಡುತ್ತಿದ್ದರು.

"ಮನ್ಯಾಗ ದಿನಾ ಇದನ್ನ ಮಾತಾಡ್ತೀವವ್ವಾ. ಕಣ್ಣಿಗಿ ಕಂಡ್ರ ಗುರ್ತ ಸಿಗಂಗಿಲ್ಲ." ಅದುವರೆಗೆ ನಾನು ಅಕ್ಕಾರ ಆಗಿದ್ದೆ. ಅವ್ವಾ ಎಂದದ್ದು ಅಂದೇ ಮೊದಲು. "ನಮ್ಮ ಅಕ್ಕನ್ನ ವಾಗದರಿಗಿ ಕೊಟ್ಟಾರ. ಹಳ್ಳ್ಯಾಗ ನಮ್ಮ ಅಜ್ಜನ ಮನ್ಯಾಗ ಬೆಳದಾಕಿ, ಬರೇ ಕನ್ನಡಾ ಓದ್ತಾಳ. ನನ್ನ ಮಗನ ಲಗ್ನದಾಗ ಪತ್ರಿಕಾ ಕೊಟ್ಟೆ. ಈ ಕಡೀ ನೋಡಿದ್ಳು, ತಿರುವಿದ್ಳು. ಹಿಂದ ಏನೂ ಇಲ್ಲೇನೋ ತಮ್ಮಾ ಅಂದ್ಳು. ನಾವೆಲ್ಲಾ ನಕ್ಕೆವು."

ಮೌಸಿನಿಂದ ಆ ಪುಟವನ್ನು ಮೇಲೆ ಕೆಳಗೆ ಸರಿಸುತ್ತ ಕೂತರು.

ಮರುದಿನ ಅಜ್ಜ ಓದಿ, ಬೀಗರು ನಮ್ಮ ಕಡೆಯವರೇ ಎಂದು ಒಪ್ಪಿ ಹೋದರು. ಮುಂದಿನ ವಾರ ಕಾಕಾ ಫೋನು ಮಾಡಿ, "ಒಂದು ಬೋರ್ಡ್ ಮಾಡಿ ಕೊಡವ್ವಾ. ಎರಡೂ ಪಾನ ನೋಡು ಅಂತ. ಕನ್ನಡದಾಗ" ಎಂದರು. ದೊಡ್ಡ ಅಕ್ಷರದಲ್ಲಿ, ಅದೇ ಫಾಂಟಿನಲ್ಲಿ ಮಾಡಿಕೊಟ್ಟೆ. ಕೆಲಸದ ಮೇಜಿನ ಮೇಲೆ ಅಂಟಿಸಿಕೊಂಡರು. ಗಿರಾಕಿಗಳು ಇದೇನೆಂದು ಕೇಳಿದರೆ, "ನನಗೂ ಓದಾಕ ಬರಂಗಿಲ್ರಿ, ಆದ್ರ ಏನ್ ಬರದದ ಗೊತ್ತದ" ಎನ್ನುತ್ತಿದ್ದರು. ಅಂದಿನಿಂದ ಯಾವ ಮಷೀನನ್ನೂ ಮಾಲೀಕರನ್ನು ಕೂರಿಸಿ ಎಲ್ಲ ಫೈಲಿನ ಕೊನೆಯ ಪುಟದವರೆಗೂ ತೋರಿಸದೆ ಕೊಡುತ್ತಿರಲಿಲ್ಲ. ನನ್ನ ಹಳೇ ಡಿಸ್ಕು ನನ್ನ ಕಪಾಟಿನಲ್ಲಿದೆ. ಮೂರು ತಿಂಗಳು ಮುಗಿದು ಎಷ್ಟೋ ಕಾಲವಾಯಿತು.

ಕೊನೆಯ ಸಲ ಅವರನ್ನು ನೋಡಿದ್ದು ಮನೆಯಲ್ಲಿ, ಹಾಸಿಗೆಯ ಮೇಲೆ. ದವಾಖಾನೆಯಿಂದ ಕರೆತಂದಿದ್ದರು. ನನ್ನ ಕಣ್ಣು ಹೊದಿಕೆಯ ಮೇಲಿದ್ದ ಎಡಗೈಗೆ ಹೋಯಿತು. ಹೆಬ್ಬೆರಳಿನ ಉಗುರನ್ನು ಉಳಿದವುಗಳ ಸಮಕ್ಕೆ ಕತ್ತರಿಸಿದ್ದರು. ನಾನು ನೋಡಿದ್ದನ್ನು ಅವರು ನೋಡಿದರು. "ನರ್ಸಬಾಯಿ ಕಟ್ ಮಾಡಿದ್ಳು," ಎಂದರು. "ನನ್ನ ಕೇಳಲಾರದ." ನಾನು ಏನಾದರೂ ಸಲಹೆ ಹೇಳಬೇಕಿತ್ತು, ಎಲ್ಲರಿಗೂ ಹೇಳುವವಳು. ಹೊದಿಕೆಯನ್ನು ಆ ಕೈಯ ಮೇಲೆ ಎಳೆದು ಸರಿಮಾಡಿದೆ. ಎಂಟು ದಿನಕ್ಕೆ ತೀರಿಕೊಂಡರು.

ವರ್ಷದ ಪುಣ್ಯಸ್ಮರಣೆಗೆ ಅವರ ಮಗ ನನ್ನ ಅಂಗಡಿಗೇ ಬಂದ. ಮರಾಠಿಯಲ್ಲಿ ಬರೆದ ಪತ್ರಿಕೆಯ ಮಜಕೂರು ಕೊಟ್ಟ.

"ಒಂದ ಬಾಜೂ ಸಾಕ್ರಿ ಅಕ್ಕಾ. ಈಗ ಕನ್ನಡಾ ಓದವ್ರು ಯಾರದಾರ?"

"ಎರಡೂ ಬಾಜೂ ಆಗ್ತದ," ಎಂದೆ. "ಇದು ನಿಮ್ಮ ಅಪ್ಪಾನ ಕೆಲಸಾ. ಇದರಾಗ ನೀ ಮಾತಾಡಬ್ಯಾಡ."

ವಾಗದರಿಗೆ ಹೋಗಬೇಕಾದ ಪತ್ರಿಕೆಯನ್ನು ನಾನೇ ಒಯ್ದೆ. ಅಲ್ಲಿ ನನ್ನ ಗಿರಾಕಿಗಳಿದ್ದಾರೆ, ಹೇಗೂ ಹೋಗುವುದಿತ್ತು. ಕಟ್ಟೆಯ ಮೇಲೆ ಕೂತಿದ್ದ ಕಾಕಾನ ಅಕ್ಕ ಪತ್ರಿಕೆಯನ್ನು ಎರಡೂ ಕೈಯಲ್ಲಿ ತಗೊಂಡರು. ಮೊದಲ ಪುಟದ ತಮ್ಮನ ಫೋಟೊದ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ ತಿರುವಿದರು. ತುಟಿಗಳು ಅಲುಗತೊಡಗಿದವು. ಬೆರಳು ಒಂದೊಂದೇ ಸಾಲಿನ ಕೆಳಗೆ ಸರಿಯುತ್ತ ಕೊನೆಯ ಸಾಲಿನವರೆಗೂ ಹೋಯಿತು. ನಾನು ಅವಸರ ಮಾಡದೆ ಕೂತಿದ್ದೆ.